ದರ ಹೇಳುವ ಜಾಗದಲ್ಲಿ ಹೆಣ್ಣುಮಕ್ಕಳು



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ಈ ಐದು ತಾಲೂಕುಗಳಲ್ಲಿ ಹೆಣ್ಣುಮಗಳು ದುಡಿಯಬೇಕೋ ಬೇಡವೋ ಎಂಬ ಚರ್ಚೆ ಯಾವ ಕಾಲಕ್ಕೂ ನಡೆದದ್ದಿಲ್ಲ. ಹೊಲದಲ್ಲಿ ಕಳೆ ತೆಗೆಯುವವಳು ಅವಳು. ಕಬ್ಬಿನ ಹೊರೆ ಹೊರುವವಳು ಅವಳು. ತಂಬಾಕು ಸಾಣಿಸುವವಳು ಅವಳು. ಚಪ್ಪಲಿಯ ಪಟ್ಟಿ ಹೆಣೆಯುವವಳು ಅವಳು. ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕುವವಳೂ ಅವಳೇ. ದುಡಿಮೆ ಎಂದೂ ಅವಳ ಕೈತಪ್ಪಿ ಹೋಗಿಲ್ಲ.

ಕೈತಪ್ಪಿದ್ದು ಬೇರೆ. ಈ ಕೆಲಸಕ್ಕೆ ಪಗಾರ ಎಷ್ಟು? ಈ ಮಾಲಿಗೆ ದರ ಎಷ್ಟು? ಸೂಟಿ ಯಾವಾಗ? ತೂಕ ಸರಿಯಿದೆಯೋ ಇಲ್ಲವೋ? ಇದನ್ನೆಲ್ಲ ತೀರ್ಮಾನ ಮಾಡುವ ಜಾಗ ಪ್ರತಿಯೊಂದು ಉದ್ಯೋಗದಲ್ಲೂ ಒಂದಿರುತ್ತದೆ. ಕೆಲವು ಕಡೆ ಅದು ಸಾವುಕಾರರ ಗಾದಿ. ಕೆಲವು ಕಡೆ ಗುತ್ತಿಗೆದಾರನ ಅಂಗಡಿ. ಇನ್ನು ಕೆಲವು ಕಡೆ ಆಡಳಿತ ಮಂಡಳಿಯ ಸಭೆ. ಆ ಜಾಗದಲ್ಲಿ ಹೆಣ್ಣುಮಗಳು ಕೂತದ್ದು ಅಪರೂಪ. ಅವಳು ಅಲ್ಲಿ ಕೂತಾಗ ಏನೇನಾಯಿತು, ಕೂರದೇ ಇದ್ದಲ್ಲಿ ಇಂದಿಗೂ ಏನಾಗುತ್ತಿದೆ ಎಂಬುದೇ ಇವತ್ತಿನ ನನ್ನ ಮಾತು. ದೂರದ ಉದಾಹರಣೆ ಬೇಕಿಲ್ಲ. ನಮ್ಮ ಐದು ತಾಲೂಕುಗಳ ಚರಿತ್ರೆಯಲ್ಲೇ ಬೇಕಾದಷ್ಟಿದೆ.

ಮೊದಲು ನಿಪ್ಪಾಣಿಗೆ ಹೋಗೋಣ.

ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಈ ಊರನ್ನು ಹೆಸರಿಗೆ ತಂದದ್ದು ಬೀಡಿ ತಂಬಾಕು. ಸುತ್ತಲಿನ ಕರಿ ಮಣ್ಣಿನಲ್ಲಿ ಬೆಳೆದ ಎಲೆ ಬಿಸಿಲಿಗೆ ಒಣಗುತ್ತದೆ. ಪುಡಿಯಾಗುತ್ತದೆ. ಚೀಲ ತುಂಬಿ ಊರೊಳಗಿನ ವಖಾರಗಳಿಗೆ ಬರುತ್ತದೆ. ವಖಾರ ಎಂದರೆ ನಿಪ್ಪಾಣಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನ ಕೇಳುಗರಿಗಾಗಿ ಹೇಳುತ್ತೇನೆ. ಅದು ಎತ್ತರದ ಗೋಡೆಯ, ಗಾಳಿ ಬೆಳಕು ಕಡಿಮೆಯಿರುವ ಉಗ್ರಾಣ. ಒಳಗೆ ಹೆಣ್ಣುಮಕ್ಕಳು ಸಾಲಾಗಿ ಕೂತು ತಂಬಾಕು ಬಡಿಯುತ್ತಾರೆ. ಸಾಣಿಗೆ ಹಿಡಿದು ಸಾಣಿಸುತ್ತಾರೆ. ಕಡ್ಡಿ ಬೇರೆ, ಎಲೆಯ ಚೂರು ಬೇರೆ, ಪುಡಿ ಬೇರೆ. ಒಂದೊಂದು ಸಾಣಿಗೆ ಅಲುಗಿದಾಗಲೂ ಹಳದಿ ಧೂಳು ಎದ್ದು ಮೇಲೆ ನಿಲ್ಲುತ್ತದೆ. ಮೂಗಿಗೆ, ಬಾಯಿಗೆ ಸೀರೆಯ ಸೆರಗು ಸುತ್ತಿಕೊಂಡರೂ ಘಾಟು ಒಳಗಿಳಿಯುತ್ತದೆ. ಕೆಮ್ಮು, ತಲೆಸುತ್ತು, ಕಣ್ಣುರಿ ಇವೆಲ್ಲ ಕೆಲಸದ ಜೊತೆಗೇ ಬರುವವು ಎಂದು ಒಪ್ಪಿಕೊಂಡು ತಲೆಮಾರುಗಳೇ ಕಳೆದವು.

1970ರ ದಶಕದ ಕೊನೆಯವರೆಗೂ ಈ ಹೆಣ್ಣುಮಕ್ಕಳ ಸ್ಥಿತಿ ಹೇಗಿತ್ತು? ದಿನಕ್ಕೆ ಕೆಲವೇ ರೂಪಾಯಿ ಕೂಲಿ. ವರ್ಷಗಟ್ಟಲೆ ಅದೇ ವಖಾರದಲ್ಲಿ ದುಡಿದರೂ ಕಾಯಂ ಎಂಬ ಮಾತಿಲ್ಲ. ನಾಳೆ ಬರಬೇಡ ಎಂದರೆ ಕೆಲಸ ಹೋದಂತೆ. ಮೇಲ್ವಿಚಾರಕ ಬಾಯಿಗೆ ಬಂದಂತೆ ಬಯ್ಯಬಹುದು. ಮೈಮುಟ್ಟಬಹುದು. ಕೇಳುವವರಿಲ್ಲ. ಈ ಕೆಲಸಗಾರರಲ್ಲಿ ಗಂಡ ಬಿಟ್ಟವರಿದ್ದರು. ವಿಧವೆಯರಿದ್ದರು. ದೇವದಾಸಿಯರಿದ್ದರು. ಮನೆಯ ಒಲೆ ಉರಿಯಲು ಅವರ ಕೂಲಿಯೊಂದೇ ಆಧಾರ. ಅದಕ್ಕೇ ಅವರು ಸುಮ್ಮನಿರುತ್ತಾರೆ ಎಂದು ಮಾಲಕರು ನಂಬಿದ್ದರು.

ಅವರು ಸುಮ್ಮನಿರಲಿಲ್ಲ. ಆಗ ನಿಪ್ಪಾಣಿ ಚಿಕ್ಕೋಡಿ ತಾಲೂಕಿಗೆ ಸೇರಿತ್ತು. ಹಾಗಾಗಿ ಅವರು ಕಟ್ಟಿಕೊಂಡ ಸಂಘಟನೆಗೆ ಚಿಕೋಡಿ ತಾಲೂಕಾ ಕಾಮಗಾರ ಮಹಾಸಂಘ ಎಂದೇ ಹೆಸರು. ಪ್ರೊಫೆಸರ್ ಸುಭಾಷ ಜೋಶಿ ಅದರ ಮುಂದಾಳು. ಮುಂದೆ ಅವರು ನಿಪ್ಪಾಣಿಯ ಶಾಸಕರೂ ಆದರು. 1980ರಲ್ಲಿ ವಖಾರಗಳ ಹೆಣ್ಣುಮಕ್ಕಳು ಮುಷ್ಕರ ಹೂಡಿದರು. ಸಾವಿರಾರು ಹೆಣ್ಣುಮಕ್ಕಳು ಒಟ್ಟಿಗೆ ಸಾಣಿಗೆ ಕೆಳಗಿಟ್ಟು ಬೀದಿಗಿಳಿದರು. ಅಲ್ಲಿಯವರೆಗೆ ಒಬ್ಬೊಬ್ಬಳಾಗಿ ಗಾದಿಯ ಮುಂದೆ ನಿಂತು, ಕೊಟ್ಟಷ್ಟು ತಗೊಂಡು ಹೋಗುತ್ತಿದ್ದವರು ಇವರೇ. ಈಗ ಇವರೆಲ್ಲ ಒಂದೇ ಮಾತಾಡಿದರು. ನಮ್ಮ ಪಗಾರ ಎಷ್ಟು ಅಂತ ನಮ್ಮ ಮುಂದ ಕೂತ ಮಾತಾಡ್ರಿ.

ಈ ಹೋರಾಟದ ಸುದ್ದಿ ನಿಪ್ಪಾಣಿಯಲ್ಲೇ ಉಳಿಯಲಿಲ್ಲ. ದೀಪಾ ಧನರಾಜ್, ಆಭಾ ಭೈಯಾ, ನವರೋಜ್ ಕಾಂಟ್ರಾಕ್ಟರ್, ಮೀರಾ ರಾವ್ ಇವರೆಲ್ಲ ಸೇರಿ ಯುಗಾಂತರ ಎಂಬ ಚಲನಚಿತ್ರ ಬಳಗ ಕಟ್ಟಿದ್ದರು. ಅವರು ಇಲ್ಲಿಗೆ ಬಂದರು. ಕೆಲಸಗಾರರ ಜೊತೆ ಇದ್ದು, ಅವರ ಮಾತು ಕೇಳಿ, ಅವರನ್ನೇ ಜೊತೆಗೂಡಿಸಿಕೊಂಡು ಒಂದು ಸಾಕ್ಷ್ಯಚಿತ್ರ ಮಾಡಿದರು. ಅದು ಮರಾಠಿಯಲ್ಲಿದೆ. ಹೆಸರು 'ತಂಬಾಕು ಚಾಕಿಲಾ ಊಬ ಆಲಿ'. ತೆರೆಕಂಡದ್ದು 1982ರಲ್ಲಿ. ಬೇರೆ ಊರುಗಳ ಕಾರ್ಮಿಕ ಹೆಣ್ಣುಮಕ್ಕಳಿಗೂ ಅದನ್ನು ತೋರಿಸಿದರು. ಛಾಯಾ ದಾತಾರ ಎಂಬ ಸಂಶೋಧಕಿ ನಿಪ್ಪಾಣಿಗೆ ಬಂದು ಇದೇ ವಖಾರಗಳ ಹೆಣ್ಣುಮಕ್ಕಳನ್ನು ಅಧ್ಯಯನ ಮಾಡಿ ಪುಸ್ತಕ ಬರೆದರು. ಅದು 1989ರಲ್ಲಿ ದಿಲ್ಲಿಯ ಕಾಳಿ ಫಾರ್ ವಿಮೆನ್ ಪ್ರಕಾಶನದಿಂದ ಬಂತು. ನಮ್ಮ ಗಡಿಯೂರಿನ ಸಾಣಿಗೆ ಹಿಡಿಯುವ ಅವ್ವಂದಿರ ಮಾತು ಜಗತ್ತಿನ ವಿದ್ವಾಂಸರ ಮೇಜಿಗೆ ಹೋಯಿತು. ಆದರೆ ನಮ್ಮ ಶಾಲೆಯ ಒಂದು ಪಾಠದಲ್ಲೂ ಅದು ಬಂದದ್ದನ್ನು ನಾನು ಕಂಡಿಲ್ಲ. ಬರಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಕಿತ್ತೂರಿನ ಚೆನ್ನಮ್ಮನ ಜಿಲ್ಲೆ ನಮ್ಮದು. ಅವಳ ಹೆಸರು ಹೇಳುವ ಹೆಮ್ಮೆಯಲ್ಲಿ ಈ ಹೆಣ್ಣುಮಕ್ಕಳಿಗೂ ಪಾಲಿದೆ.

ಇಲ್ಲೇ ಇನ್ನೊಂದು ಮಾತು. ಮರುವರ್ಷ, 1981ರಲ್ಲಿ, ಶರದ ಜೋಶಿಯವರ ಮುಂದಾಳ್ತನದಲ್ಲಿ ತಂಬಾಕು ಬೆಳೆಗಾರರು ಇದೇ ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತರು. ಅವರು ಕೇಳಿದ್ದೂ ದರವನ್ನೇ. ಏಪ್ರಿಲ್ 6ರಂದು ಗೋಲಿಬಾರ್ ಆಯಿತು. ಹತ್ತಕ್ಕೂ ಹೆಚ್ಚು ರೈತರು ಪ್ರಾಣ ಕಳೆದುಕೊಂಡರು. ಆ ದಿನವನ್ನು ನಿಪ್ಪಾಣಿ ಇನ್ನೂ ಮರೆತಿಲ್ಲ. ಮರೆಯಲೂ ಬಾರದು. ಆದರೆ ರೈತರ ಹೋರಾಟಕ್ಕೂ ಮುಂಚೆ ಅದೇ ಊರಿನಲ್ಲಿ ದರದ ಪ್ರಶ್ನೆ ಎತ್ತಿ ಬೀದಿಗೆ ಬಂದವರು ವಖಾರದ ಹೆಣ್ಣುಮಕ್ಕಳು. ಈ ಸರದಿಯನ್ನೂ ನಾವು ನೆನಪಿಡಬೇಕು.

ವಖಾರದ ಹೆಣ್ಣುಮಕ್ಕಳ ಸಂಘದ ಜೊತೆ ಒಂದು ಪ್ರಶ್ನೆಯೂ ಉಳಿಯಿತು. ಮೆರವಣಿಗೆಯಲ್ಲಿ ಹೆಣ್ಣುಮಕ್ಕಳು ತುಂಬಿದ್ದರು. ಆದರೆ ಮಾಲಕರ ಎದುರು ಮಾತುಕತೆಗೆ ಕೂರುವಾಗ, ಕಾಗದಕ್ಕೆ ಸಹಿ ಹಾಕುವಾಗ, ಪತ್ರಿಕೆಯವರಿಗೆ ಹೇಳಿಕೆ ಕೊಡುವಾಗ ಎಷ್ಟು ಮಂದಿ ಹೆಣ್ಣುಮಕ್ಕಳಿದ್ದರು? ಸುಭಾಷ ಜೋಶಿಯವರ ಶ್ರಮವನ್ನು ಕಡಿಮೆ ಮಾಡಲು ಈ ಪ್ರಶ್ನೆ ಕೇಳುತ್ತಿಲ್ಲ. ಅವರಂಥವರು ಜೊತೆಗೆ ನಿಂತದ್ದರಿಂದಲೇ ಆ ಹೋರಾಟ ಸಾಧ್ಯವಾಯಿತು. ಆದರೂ ಕೇಳಲೇಬೇಕು. ಹೆಣ್ಣುಮಕ್ಕಳೇ ಹೆಚ್ಚಿರುವ ಎಷ್ಟೋ ಕಾರ್ಮಿಕ ಸಂಘಗಳಲ್ಲಿ ಇಂದಿಗೂ ಇದೇ ಕಥೆ. ಸದಸ್ಯರು ಹೆಂಗಸರು, ಪದಾಧಿಕಾರಿಗಳು ಗಂಡಸರು.

ಕೇಳುಗರೇ, ಇದುವರೆಗೆ ವಖಾರದ ಮಾತಾಡಿದೆವು. ಅಲ್ಲಿ ಒಂದು ಅನುಕೂಲವಿತ್ತು. ಕೆಲಸಗಾರರೆಲ್ಲ ಒಂದೇ ಸೂರಿನ ಕೆಳಗಿದ್ದರು. ಅಕ್ಕಪಕ್ಕ ಕೂತು ಮಾತಾಡಬಹುದಿತ್ತು. ಈಗ ಮನೆಯಲ್ಲೇ ಕೂತು ದುಡಿಯುವವರ ಕಡೆಗೆ ಹೋಗೋಣ. ಬೀಡಿ ಕಟ್ಟುವವರು.

ಬೀಡಿ ಕಟ್ಟುವ ಕೈಯನ್ನು ನೀವು ನೋಡಿರಬಹುದು. ತೊಡೆಯ ಮೇಲೆ ಒಂದು ಮೊರ. ಮೊರದಲ್ಲಿ ನೆನೆಸಿ ಮೆದುವಾದ ಬೀಡಿ ಎಲೆ, ಒಂದು ರಾಶಿ ತಂಬಾಕು, ಕತ್ತರಿ, ದಾರದ ಉಂಡೆ. ತಗಡಿನ ಅಳತೆ ಇಟ್ಟು ಎಲೆ ಕತ್ತರಿಸಬೇಕು. ಚಿಟಿಕೆ ತಂಬಾಕು ಹಾಕಿ ಸುತ್ತಬೇಕು. ತುದಿ ಮಡಚಬೇಕು. ದಾರ ಕಟ್ಟಬೇಕು. ಹೀಗೆ ಒಂದು ಸಾವಿರವಾದರೆ ಒಂದು ದರ. ಎಳೆಯ ಮಗಳು ಎಲೆ ಕತ್ತರಿಸಿ ಕೊಡುತ್ತಾಳೆ, ಮುದುಕಿ ಅತ್ತೆ ತುದಿ ಮಡಚುತ್ತಾಳೆ. ಮೂವರ ಕೆಲಸಕ್ಕೆ ಬರೆಯುವ ಹೆಸರು ಒಂದು. ಸಂಜೆ ಗುತ್ತಿಗೆದಾರನ ಅಂಗಡಿಗೆ ಒಯ್ದರೆ ಅವನು ಕಟ್ಟುಗಳನ್ನು ತಿರುವಿ ನೋಡುತ್ತಾನೆ. ಇದು ಸಡಿಲ, ಇದು ಗಿಡ್ಡ ಎಂದು ಒಂದಿಷ್ಟನ್ನು ಬದಿಗೆ ತೆಗೆಯುತ್ತಾನೆ. ತೆಗೆದದ್ದಕ್ಕೆ ದುಡ್ಡಿಲ್ಲ. ಕೊಟ್ಟ ಎಲೆ ಸಾಲದೆ ಹೋದರೆ ಕೈಯಿಂದ ಕೊಂಡು ಹಾಕಬೇಕು.

ಸರ್ಕಾರ ಇವರನ್ನು ಮರೆತಿತ್ತೆಂದು ಹೇಳಲಾಗದು. 1966ರಲ್ಲೇ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಬಂತು. ಮನೆಯಲ್ಲಿ ಕಟ್ಟುವವರೂ ಅದರೊಳಗೆ ಬಂದರು. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆಯಾಯಿತು. ಅದೇ ವರ್ಷ ಸಮಾನ ವೇತನದ ಕಾಯ್ದೆಯೂ ಆಯಿತು. ಗಂಡಿಗೂ ಹೆಣ್ಣಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂದು ಅದು ಹೇಳಿತು. ಇವುಗಳಲ್ಲಿ ಕೆಲವು ಈಗ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಹೋಗಿವೆ. ಆದರೆ ಕಾರ್ಖಾನೆಗೆ ಕಾನೂನು ಬಂದಾಗಲೆಲ್ಲ ಕೆಲಸವೇ ಕಾರ್ಖಾನೆ ಬಿಟ್ಟು ಮನೆಗಳಿಗೆ ಹೋಗಿಬಿಟ್ಟಿತು. ಕೇರಳದ ಕಣ್ಣೂರಿನಲ್ಲಿ ಹೀಗೆ ಬೀಡಿ ಕಂಪನಿ ಬಾಗಿಲು ಹಾಕಿಕೊಂಡಾಗ ಕೆಲಸ ಕಳೆದುಕೊಂಡವರು 1969ರಲ್ಲಿ ದಿನೇಶ್ ಬೀಡಿ ಎಂಬ ಸಹಕಾರ ಸಂಘವನ್ನೇ ಕಟ್ಟಿದರು. ಬೀಡಿ ಕಟ್ಟುವವರೇ ಅದರ ಒಡೆಯರು.

ಅಹಮದಾಬಾದಿನಲ್ಲಿ ಇಳಾ ಭಟ್ ಮನೆಯಲ್ಲೇ ಕೂತು ದುಡಿಯುವ ಹೆಣ್ಣುಮಕ್ಕಳು, ಬೀದಿ ವ್ಯಾಪಾರದವರು, ಬೀಡಿ ಕಟ್ಟುವವರನ್ನು ಸೇರಿಸಿ ಸೇವಾ ಎಂಬ ಸಂಘ ಕಟ್ಟಲು ಹೊರಟಾಗ ಕಾರ್ಮಿಕ ಇಲಾಖೆ ಒಂದು ಪ್ರಶ್ನೆ ಕೇಳಿತಂತೆ. ಮಾಲಕನೇ ಇಲ್ಲದವರು ಯಾರ ವಿರುದ್ಧ ಸಂಘ ಕಟ್ಟುತ್ತೀರಿ ಎಂದು. ಸಂಘ ಯಾರ ವಿರುದ್ಧವೂ ಇರಬೇಕಾಗಿಲ್ಲ, ನಮಗಾಗಿ ನಾವು ಕೂಡಿಕೊಳ್ಳಲಿಕ್ಕೆ ಎಂಬುದು ಅವರ ವಾದ. 1972ರಲ್ಲಿ ನೋಂದಣಿ ಸಿಕ್ಕಿತು. ಇಂದು ಅದು ದೇಶದ ದೊಡ್ಡ ಕಾರ್ಮಿಕ ಸಂಘಗಳಲ್ಲಿ ಒಂದು. ಅದನ್ನು ನಡೆಸುವವರು ಹೆಂಗಸರೇ. ಮನೆಯಲ್ಲಿ ಕೂತು ಬೀಡಿ ಕಟ್ಟುವ ನಮ್ಮ ಅಕ್ಕತಂಗಿಯರು ಒಂದು ಓಣಿಗೆ ಒಂದು ಸಂಘವಾದರೂ ಮಾಡಿಕೊಂಡರೆ, ಬದಿಗೆ ತೆಗೆದ ಬೀಡಿಯನ್ನು ಎಣಿಸುವಾಗ ಅವರಲ್ಲೊಬ್ಬಳು ಪಕ್ಕದಲ್ಲಿ ನಿಂತಿರುತ್ತಾಳೆ. ಅಷ್ಟರಿಂದಲೇ ಲೆಕ್ಕ ಬದಲಾಗುತ್ತದೆ.

ವಖಾರ ನೋಡಿದೆವು. ಬೀಡಿ ನೋಡಿದೆವು. ಎರಡರಲ್ಲೂ ಮಾಲು ಬೇರೆಯವರದು, ಕೈ ಮಾತ್ರ ಹೆಣ್ಣುಮಕ್ಕಳದು. ಈಗ ಅಥಣಿಗೆ ಬನ್ನಿ. ಇಲ್ಲಿ ಮಾಲೂ ಮನೆಯದೇ, ಕಸುಬೂ ಮನೆತನದ್ದೇ. ಹಾಗಾದರೆ ಹೆಣ್ಣುಮಗಳ ಮಾತಿಗೆ ಬೆಲೆ ಇತ್ತೇ?

ಕೊಲ್ಹಾಪುರಿ ಚಪ್ಪಲಿ ಎಂದು ಜಗತ್ತು ಕರೆಯುವ ಪಾದರಕ್ಷೆ ತಯಾರಾಗುವುದು ಕೊಲ್ಹಾಪುರದಲ್ಲಿ ಮಾತ್ರ ಅಲ್ಲ. ಅಥಣಿ, ನಿಪ್ಪಾಣಿ, ಮದಭಾವಿಯ ಸಮಗಾರ ಮನೆಗಳಲ್ಲೂ ತಯಾರಾಗುತ್ತದೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿ ಸೇರಿದವು. ಬೆಳಗಾವಿ ಅವುಗಳಲ್ಲೊಂದು. ಚಪ್ಪಲಿಯ ತೊಗಲನ್ನು ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಮೊಳೆ ಹೊಡೆಯುವುದಿಲ್ಲ. ತೊಗಲಿನ ದಾರದಿಂದಲೇ ಹೊಲಿಗೆ. ತೊಗಲು ಹದ ಮಾಡುವುದು, ಕೊರೆಯುವುದು ಗಂಡಸರ ಕೆಲಸ. ಪಾದದ ಮೇಲೆ ಬರುವ ಪಟ್ಟಿಗೆ ಎಳೆ ಎಳೆಯಾಗಿ ತೊಗಲು ಸೀಳಿ ಜಡೆಯಂತೆ ಹೆಣೆಯುವುದು, ಹೊಲಿಗೆ ಹಾಕುವುದು, ಅಲಂಕಾರ ಕೂಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಅಂಗಡಿಯಲ್ಲಿ ಚಪ್ಪಲಿ ಎತ್ತಿಕೊಂಡವರು ಮೊದಲು ಮೆಚ್ಚುವುದು ಈ ಹೆಣಿಗೆಯನ್ನೇ.

ಹೀಗಿದ್ದೂ ಆ ಹೆಣಿಗೆಗೆ ಮನೆಯಲ್ಲಿ ಕೂಲಿ ಎಂಬ ಹೆಸರಿರಲಿಲ್ಲ. ಅದು ಅಡಿಗೆ ಮಾಡಿದಂತೆ, ನೀರು ತಂದಂತೆ, ಮನೆಗೆಲಸದ ಜೊತೆ ಸೇರಿಹೋಗಿತ್ತು. ಮಾಲು ಮಾರುವವನು ಗಂಡಸು. ವ್ಯಾಪಾರಿಯ ಹತ್ತಿರ ಮುಂಗಡ ತರುವವನು ಗಂಡಸು. ಸಾಲ ತೀರದೆ, ವ್ಯಾಪಾರಿ ಹೇಳಿದ ದರಕ್ಕೆ ಜೋಡು ಕೊಟ್ಟು ಬರುವವನೂ ಅವನೇ. ಆತನನ್ನು ದೂರಿ ಫಲವಿಲ್ಲ. ಅವನಿಗೂ ದರ ಹೇಳುವ ಬಾಯಿ ಇರಲಿಲ್ಲ.

1990ರ ದಶಕದ ಕೊನೆಯಲ್ಲಿ ಇದು ಬದಲಾಗತೊಡಗಿತು. ಬೆಂಗಳೂರಿನ ಅಸೆಂಟ್ ಸಂಸ್ಥೆಯ ಮಧುರಾ ಛತ್ರಪತಿ ಅಥಣಿಯ ಕುಶಲಕರ್ಮಿ ಕುಟುಂಬಗಳ ನಡುವೆ ಕೆಲಸ ಆರಂಭಿಸಿದರು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವೂ ಇತ್ತು. ಅವರು ಮೊದಲು ಕೂಡಿಸಿದ್ದು ಹೆಣ್ಣುಮಕ್ಕಳನ್ನು. ಸ್ವಸಹಾಯ ಗುಂಪುಗಳಾದವು. ವಾರಕ್ಕಿಷ್ಟು ಉಳಿತಾಯ, ತಮ್ಮತಮ್ಮಲ್ಲೇ ಸಾಲ. ಆ ಗುಂಪುಗಳಿಂದ ಟೋ ಹೋಲ್ಡ್ ಎಂಬ ಕುಶಲಕರ್ಮಿಗಳ ಒಕ್ಕೂಟ ಬೆಳೆಯಿತು. ಅಳತೆಗಳನ್ನು ಸರಿಪಡಿಸಿದರು. ಹೊಸ ವಿನ್ಯಾಸ ಕಲಿತರು. ಚಪ್ಪಲಿ ವಿದೇಶದ ಮೇಳಗಳಿಗೆ ಹೋಯಿತು.

ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ರಫ್ತಿನ ಸಂಗತಿಯಲ್ಲ. ಒಂದು ಜೋಡು ಚಪ್ಪಲಿಗೆ ತೊಗಲಿನ ಖರ್ಚೆಷ್ಟು, ಕೊರೆಯುವ ಕೂಲಿ ಎಷ್ಟು, ಹೆಣೆಯುವ ಕೂಲಿ ಎಷ್ಟು ಎಂದು ಬಿಡಿಬಿಡಿಯಾಗಿ ಲೆಕ್ಕ ಹಾಕಿದಾಗ ಏನಾಗುತ್ತದೆ ನೋಡಿ. ಹೆಣಿಗೆಗೂ ಒಂದು ಕಲಂ ಬರುತ್ತದೆ. ಅದುವರೆಗೆ ಲೆಕ್ಕದ ಹೊರಗಿದ್ದ ಕೆಲಸ ಲೆಕ್ಕದೊಳಗೆ ಬರುತ್ತದೆ. ದರ ಕೇಳುವ ಅಧಿಕಾರ ಹುಟ್ಟುವುದು ಆ ಲೆಕ್ಕದಿಂದ. ಬ್ಯಾಂಕಿನಲ್ಲಿ ಹೆಂಗಸಿನ ಹೆಸರಿನ ಖಾತೆಯಾದಾಗ ಮನೆಯಲ್ಲೂ ಮಾತಿನ ಧಾಟಿ ಬದಲಾಗುತ್ತದೆ. ಏನು ಮಾಡೋಣ ಎಂದು ಗಂಡ ಕೇಳತೊಡಗುತ್ತಾನೆ.

2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ನಮ್ಮ ಚಪ್ಪಲಿಯನ್ನೇ ಹೋಲುವ ಪಾದರಕ್ಷೆ ತೋರಿಸಿತು. ಮೂಲ ಯಾರದೆಂದು ಹೇಳಲಿಲ್ಲ. ದೇಶವೆಲ್ಲ ಸಿಟ್ಟಾಯಿತು. ಆಮೇಲೆ ಕಂಪನಿ ಇದಕ್ಕೆ ಭಾರತದ ಕುಶಲಕರ್ಮಿಗಳ ಪಾದರಕ್ಷೆಯೇ ಪ್ರೇರಣೆ ಎಂದು ಒಪ್ಪಿಕೊಂಡಿತು. ಒಳ್ಳೆಯದೇ. ಆ ಚರ್ಚೆಯಲ್ಲಿ ಹಕ್ಕು ಕೊಲ್ಹಾಪುರದ್ದೋ ಅಥಣಿಯದ್ದೋ ಎಂಬ ಮಾತು ಬಹಳ ಬಂತು. ಆ ಪಟ್ಟಿಯನ್ನು ಹೆಣೆದ ಹೆಂಗಸಿಗೆ ಜೋಡಿಗೆ ಎಷ್ಟು ಸಿಗುತ್ತದೆ ಎಂದು ಕೇಳಿದವರು ಕಡಿಮೆ.

ಕೇಳುಗರೇ, ಸಂಘ ಕಟ್ಟಿ ದರ ಕೇಳಿದವರನ್ನು ನಿಪ್ಪಾಣಿಯಲ್ಲಿ ಕಂಡೆವು. ಲೆಕ್ಕ ಹಿಡಿದು ದರ ಹೇಳಿದವರನ್ನು ಅಥಣಿಯಲ್ಲಿ ಕಂಡೆವು. ಮೂರನೆಯದು ಇವೆರಡಕ್ಕಿಂತ ಕಠಿಣ. ಯಾರನ್ನು ಸಮಾಜ ಮನುಷ್ಯರ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವೋ ಅವರು ಒಂದು ಸಂಸ್ಥೆಯನ್ನೇ ನಡೆಸಿದ ಸಂಗತಿ ಇದು.

ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ. ಅಥಣಿ ತಾಲೂಕಿನ ಕೊಕಟನೂರಿನಲ್ಲಿ ಯಲ್ಲಮ್ಮನ ಜಾತ್ರೆ. ಇವು ಲಕ್ಷಾಂತರ ಜನರ ಭಕ್ತಿಯ ತಾಣಗಳು. ಆ ಭಕ್ತಿಗೆ ನನ್ನ ಗೌರವವಿದೆ. ಆದರೆ ದೇವಿಯ ಹೆಸರಿನಲ್ಲಿ ಬಡ ದಲಿತ ಮನೆಗಳ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ್ದೂ ಈ ನೆಲದಲ್ಲೇ. ಮುಂಬಯಿ ಸರ್ಕಾರ 1934ರಲ್ಲೇ ಇದರ ವಿರುದ್ಧ ಕಾಯ್ದೆ ಮಾಡಿತ್ತು. ಕರ್ನಾಟಕ 1982ರಲ್ಲಿ ನಿಷೇಧ ಕಾಯ್ದೆ ತಂದಿತು. 2007-08ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ ಸುಮಾರು 46 ಸಾವಿರ ದೇವದಾಸಿಯರ ಹೆಸರು ಬಂತು. ಕಾಯ್ದೆ ಬಂದು ಕಾಲು ಶತಮಾನವಾದ ಮೇಲಿನ ಸಂಖ್ಯೆ ಇದು.

ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೆ ಏಳನೆಯ ವಯಸ್ಸಿಗೆ ಮುತ್ತು ಕಟ್ಟಿದ್ದರು. ಆಟವಾಡುವ ವಯಸ್ಸು ಅದು. 1991ರ ಹೊತ್ತಿಗೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆ ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿ ಪುನರ್ವಸತಿಯ ಕೆಲಸ ಶುರುಮಾಡಿದಾಗ ಅವರು ಅದರಲ್ಲಿ ಸೇರಿಕೊಂಡರು. ಹಳ್ಳಿಹಳ್ಳಿಗೆ ಹೋದರು. ತಮ್ಮಂಥವರನ್ನೇ ಕಂಡರು. 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು. ಜನ ಅದನ್ನು ಮಾಸ್ ಎಂದು ಕರೆಯುತ್ತಾರೆ. ಘಟಪ್ರಭೆಯಲ್ಲಿ ಅದರ ಕಚೇರಿ. ಸದಸ್ಯರು ಸಾವಿರಾರು ಮಂದಿ, ಎಲ್ಲರೂ ಮಾಜಿ ದೇವದಾಸಿಯರು. ಮುಂದೆ ಸೀತವ್ವನವರೇ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕಿಯಾದರು. 2018ರಲ್ಲಿ ಪದ್ಮಶ್ರೀ ಬಂತು.

ಪ್ರಶಸ್ತಿಯ ವಿಷಯ ಎಲ್ಲರಿಗೂ ಗೊತ್ತು. ಅದರ ಹಿಂದಿನ ಒಂದು ನಿರ್ಧಾರದ ಕಡೆ ನಿಮ್ಮ ಗಮನ ಸೆಳೆಯುತ್ತೇನೆ. ಪುನರ್ವಸತಿ ಎಂದರೆ ಸಾಮಾನ್ಯವಾಗಿ ಏನು? ಒಬ್ಬ ಅಧಿಕಾರಿ, ಒಂದು ಫಲಾನುಭವಿಗಳ ಪಟ್ಟಿ, ಒಂದು ಹೊಲಿಗೆ ಯಂತ್ರ. ಮಾಸ್ ಹಾಗಾಗಲಿಲ್ಲ. ಯಾರಿಗಾಗಿ ಯೋಜನೆ ಬಂದಿತ್ತೋ ಅವರ ಕೈಗೇ ಅದರ ಆಡಳಿತ ಬಂತು. ಪಿಂಚಣಿ ಅರ್ಜಿ ಬರೆಯುವವರು ಅವರೇ. ಸಭೆಯ ಠರಾವು ಮಾಡುವವರು ಅವರೇ. ಮುತ್ತು ಕಟ್ಟುವ ಸುಳಿವು ಸಿಕ್ಕರೆ ಆ ಮನೆಗೆ ಹೋಗಿ ತಾಯಿಯ ಎದುರು ಕೂತು ಮಾತಾಡುವವರು ಅವರೇ. ಆ ತಾಯಿಗೆ ಒಬ್ಬ ಪೊಲೀಸ್ ಹೇಳಿದರೆ ಹೆದರಿಕೆಯಾಗಬಹುದು. ಅದೇ ಕಷ್ಟ ಉಂಡವಳು ಹೇಳಿದರೆ ಮನಸ್ಸು ಬದಲಾಗುತ್ತದೆ. ನಾಯಕತ್ವಕ್ಕೆ ಓದು ಬೇಕು, ಇಂಗ್ಲಿಷ್ ಬೇಕು, ಮನೆತನ ಬೇಕು ಎಂದು ಹೇಳುವವರಿಗೆ ಕಬ್ಬೂರಿನ ಈ ಹೆಣ್ಣುಮಗಳೇ ಉತ್ತರ.

ಮೂರೂ ಕಡೆ ಹೆಣ್ಣುಮಕ್ಕಳು ಗಾದಿಯ ಹತ್ತಿರ ಬಂದದ್ದನ್ನು ನೋಡಿದೆವು. ಈಗ ಇನ್ನೂ ದೂರದಲ್ಲಿ ನಿಂತವರ ಮಾತು. ಅದು ಕಬ್ಬು.

ಕೃಷ್ಣೆ, ದೂಧಗಂಗೆ, ವೇದಗಂಗೆಯ ನೀರಿನಿಂದ ನಮ್ಮ ಸೀಮೆ ಕಬ್ಬಿನ ಸೀಮೆಯಾಯಿತು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಇವು ಸಹಕಾರಿ ಕಾರ್ಖಾನೆಗಳು. ಕಾಗವಾಡದ ಉಗಾರ ಹಳೆಯ ಖಾಸಗಿ ಕಾರ್ಖಾನೆ. ಹಂಗಾಮು ಶುರುವಾದರೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬರುವವರು ಬಹಳ. ಅವರಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರು, ಆದರೆ ಎಣಿಕೆಗೆ ಒಂದು ಕತ್ತಿ. ಮುಂಗಡ ಎತ್ತುವವನು ಗಂಡ. ಹೆಂಡತಿ ಕತ್ತಲಲ್ಲೇ ಎದ್ದು ರೊಟ್ಟಿ ಬಡಿದು, ಕೂಸನ್ನು ಬದುವಿನ ಮೇಲೆ ಮಲಗಿಸಿ, ಹೊರೆ ಕಟ್ಟಿ ಹೊತ್ತು ಟ್ರ್ಯಾಕ್ಟರಿಗೆ ಹಾಕುತ್ತಾಳೆ. ಅವಳ ಹೆಸರನ್ನು ಯಾವ ವಹಿಯಲ್ಲೂ ಬರೆಯುವುದಿಲ್ಲ. ಒಂದು ದಿನ ಕೆಲಸ ತಪ್ಪಿದರೆ ದಂಡ. ಮುಟ್ಟಿನ ದಿನ ಕೆಲಸ ತಪ್ಪಬಾರದೆಂದು ಬೀಡ್ ಕಡೆಯ ಎಷ್ಟೋ ಹೆಣ್ಣುಮಕ್ಕಳು ಗರ್ಭಕೋಶವನ್ನೇ ತೆಗೆಸಿಕೊಂಡರೆಂಬ ಸುದ್ದಿ 2019ರಲ್ಲಿ ದೇಶವನ್ನೇ ನಡುಗಿಸಿತು. ಆ ಹೆಣ್ಣುಮಕ್ಕಳು ಕಡಿದ ಕಬ್ಬಿನ ಸಕ್ಕರೆ ನಮ್ಮ ಚಹಾದಲ್ಲಿದೆ.

2025ರ ನವೆಂಬರಿನಲ್ಲಿ ನಮ್ಮ ನೆರೆಯ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲೂ ರಾತ್ರಿ ಕೂತರು. ಸರ್ಕಾರ ನಡುವೆ ಬಂದು ಸುಮಾರು 3,300ಕ್ಕೆ ಮಾತು ಮುಗಿಸಿತು. ನ್ಯಾಯವಾದ ಹೋರಾಟ. ಆ ಟನ್ನನ್ನು ಕಡಿದು ಹೊತ್ತವಳ ಪಾಲಿನ ದರ ಎಷ್ಟು ಎಂಬುದೂ ಅದೇ ವೇದಿಕೆಯ ಮೇಲೆ ಬರಲಿ ಎಂದು ನಾನು ಬಯಸುತ್ತೇನೆ.

ಇನ್ನು ಬೆಳೆಗಾರರ ಮನೆಯ ಹೆಣ್ಣುಮಕ್ಕಳು. ಸಹಕಾರಿ ಕಾರ್ಖಾನೆಯ ಸದಸ್ಯತ್ವಕ್ಕೆ ಹೊಲದ ಉತಾರ, ಅಂದರೆ ಪಹಣಿ, ಬೇಕು. ಉತಾರದಲ್ಲಿ ಹೆಸರಿಲ್ಲದವಳಿಗೆ ಶೇರಿಲ್ಲ. ಶೇರಿಲ್ಲದವಳಿಗೆ ಮತವಿಲ್ಲ. ಮತವಿಲ್ಲದವಳು ನಿರ್ದೇಶಕಿಯಾಗುವುದು ಹೇಗೆ? ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ದೇಶ ಅದನ್ನು ಮಾಡಿದ್ದು 2005ರಲ್ಲಿ. ಆದರೂ ಉಪನೋಂದಣಾಧಿಕಾರಿ ಕಚೇರಿಯ ಅಂಗಳದಲ್ಲಿ ಇವತ್ತಿಗೂ ಅಕ್ಕತಂಗಿಯರು ಸಾಲಾಗಿ ನಿಂತಿರುತ್ತಾರೆ. ಹಕ್ಕು ಬಿಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಒಂದು ಸೀರೆ ಉಟ್ಟುಕೊಂಡು ಹೋಗುತ್ತಾರೆ. ತವರಿನ ಬಾಗಿಲು ಮುಚ್ಚಬಾರದೆಂಬ ಭಯ ಅವರದು. ಅಣ್ಣತಮ್ಮಂದಿರೇ, ಆ ಭಯ ಹೋಗಲಾಡಿಸುವ ಕೆಲಸ ನಿಮ್ಮದು.

ಇದುವರೆಗೆ ವಖಾರ, ಬೀಡಿ, ಚಪ್ಪಲಿ, ಮಾಸ್, ಕಬ್ಬು ನೋಡಿದೆವು. ಕೊನೆಯದಾಗಿ, ಇಂದು ನಮ್ಮ ಕೈಗೆ ಎಟಕುವ ಕುರ್ಚಿಗಳು ಯಾವುವು?

ರಾಜಕೀಯದಲ್ಲಿ ದಾರಿ ತೆರೆದಿದೆ. ಕರ್ನಾಟಕ 1983ರ ಕಾಯ್ದೆಯಲ್ಲೇ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಕಾಲು ಭಾಗ ಸ್ಥಾನ ಮೀಸಲಿಟ್ಟಿತು. ಇಂದು ಅದು ಅರ್ಧ. ಚಿಕ್ಕೋಡಿ ಲೋಕಸಭಾ ಕ್ಷೇತ್ರದಿಂದ 1996ರಲ್ಲಿ ರತ್ನಮಾಲಾ ಸವಣೂರ ಗೆದ್ದು ಕೇಂದ್ರದಲ್ಲಿ ರಾಜ್ಯ ಸಚಿವೆಯಾದರು. ಅಲ್ಲಿಂದ ಮತ್ತೊಬ್ಬ ಹೆಣ್ಣುಮಗಳು ಗೆಲ್ಲಲು 2024 ಬರಬೇಕಾಯಿತು. ನಿಪ್ಪಾಣಿಯ ಮತದಾರರು 2013ರಿಂದ ವಿಧಾನಸಭೆಗೆ ಮಹಿಳೆಯನ್ನೇ ಕಳಿಸುತ್ತಿದ್ದಾರೆ.

ಉದ್ಯೋಗದ ಜಾಗದಲ್ಲಿ ಇಷ್ಟು ಆಗಿಲ್ಲ. ಅಲ್ಲಿಗೂ ಕಾನೂನು ಎರಡು ಕೀಲಿ ಕೊಟ್ಟಿದೆ. ಒಂದು, ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಮೀಸಲು. ಹಾಲಿನ ಡೇರಿ, ಪತ್ತಿನ ಸಂಘ, ಸಕ್ಕರೆ ಕಾರ್ಖಾನೆ ಎಲ್ಲಕ್ಕೂ ಇದು ಸಲ್ಲುತ್ತದೆ. ಆ ಇಬ್ಬರು ಮನೆಯಲ್ಲಿರುವುದು, ಅವರ ಗಂಡಂದಿರು ಸಭೆಗೆ ಬರುವುದು ಆಗಬಾರದು. ಇನ್ನೊಂದು, 2013ರ ಕಾಯ್ದೆ. ಹತ್ತು ಮತ್ತು ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಮಹಿಳೆಯೇ ಆಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ದುಡಿಯುವವರು, ಮನೆಗೆಲಸದವರು, ಮಾಲಕನ ಮೇಲೇ ದೂರು ಇರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಕೊಡಲು ಮೂರು ತಿಂಗಳ ಅವಧಿ. ತಾಲೂಕಿನಲ್ಲಿ ದೂರು ಪಡೆಯಲು ನೋಡಲ್ ಅಧಿಕಾರಿ ಇರಬೇಕೆಂದೂ ಕಾಯ್ದೆ ಹೇಳುತ್ತದೆ. ಬರೆಯಲು ಬಾರದವರಿಗೆ ಬರೆದುಕೊಡುವುದು ಸಮಿತಿಯದೇ ಕೆಲಸ. 1980ರ ವಖಾರದ ಹೆಣ್ಣುಮಕ್ಕಳಿಗೆ ಇಂಥದೊಂದು ಬಾಗಿಲು ಇರಲಿಲ್ಲ.

ತಾಯಂದಿರೇ, ಅಕ್ಕತಂಗಿಯರೇ, ನೀವು ದುಡಿಯುವ ಕಡೆ ಆ ಸಮಿತಿಯ ಹೆಸರುಗಳನ್ನು ಗೋಡೆಗೆ ಹಚ್ಚಿದ್ದಾರೆಯೇ ನೋಡಿ. ಹಚ್ಚಿಲ್ಲದಿದ್ದರೆ ನಾಲ್ಕು ಮಂದಿ ಕೂಡಿ ಹೋಗಿ ಕೇಳಿ. ನಿಮ್ಮ ಡೇರಿಯ ವಾರ್ಷಿಕ ಸಭೆಯ ನೋಟಿಸು ಯಾರ ಹೆಸರಿಗೆ ಬರುತ್ತದೆ ನೋಡಿ. ಹಾಲು ಹಾಕುವವರು ನೀವಾಗಿದ್ದು ಸದಸ್ಯತ್ವ ಗಂಡನ ಹೆಸರಿನಲ್ಲಿದ್ದರೆ, ನಿಮ್ಮ ಹೆಸರಿನಲ್ಲೂ ಅರ್ಜಿ ಕೊಡಿ. ಅರ್ಜಿ ಕೊಟ್ಟದ್ದಕ್ಕೆ ರಸೀದಿ ತಪ್ಪದೆ ತಗೊಳ್ಳಿ.